ಎಕ್ಸ್‌ಟೆನ್ಷನ್ ಇಲ್ಲದ ದೊಡ್ಡ ಫೈಲ್: ಬೀಗ ಹಾಕಿದ ಡಿಸ್ಕ್ ಇಮೇಜಾ, ಹಾಳಾದ ಫೈಲಾ?

ಬೆಟಗೇರಿ ಮುದ್ರಕ

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನಮ್ಮದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಕ್ಯಾಲೆಂಡರ್, ಬಿಲ್ ಬುಕ್, ಮಠಗಳ ಸಣ್ಣ ಪುಸ್ತಕ ಎಲ್ಲ ಮಾಡುತ್ತೇವೆ. ಡಿಟಿಪಿ ಕೆಲಸ ನಮ್ಮ ಕಾಕಾ ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡಿದ್ದಾರೆ. ಅವರ ಕಪಾಟಿನಲ್ಲಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಈಗ ನನ್ನ ಹತ್ತಿರ ಇದೆ.

ಅದರಲ್ಲಿ ಇರುವುದು ಎರಡೇ ಫೈಲ್, ಎರಡೂ ದೊಡ್ಡವು. ಒಂದಕ್ಕೆ ‘ಮಠ ಹಳೇದು’ ಅಂತ ಹೆಸರು, ಎಕ್ಸ್‌ಟೆನ್ಷನ್ ಇಲ್ಲ. ಇನ್ನೊಂದಕ್ಕೆ ಡಿಎಟಿ ಅಂತ ಇದೆ. ಯಾವ ಸಾಫ್ಟ್‌ವೇರ್‌ನಲ್ಲೂ ತೆರೆಯುತ್ತಿಲ್ಲ. ರಿಪೇರಿ ಅಂಗಡಿಯಲ್ಲಿ ಒಬ್ಬರು ‘ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡಿ ಬೇರೆ ಕೆಲಸಕ್ಕೆ ಬಳಸಿ’ ಅಂದರು. ಇನ್ನೊಬ್ಬರು ‘ಎನ್‌ಕ್ರಿಪ್ಟ್ ಆಗಿದೆ, ಅಂದರೆ ಪಾಸ್‌ವರ್ಡ್ ಬೀಗ ಬಿದ್ದಿದೆ, ಕೈಬಿಡಿ’ ಅಂದರು. ಎರಡರಲ್ಲಿ ಯಾವುದು ನಿಜ ಅಂತ ನಾವೇ ತಿಳಿದುಕೊಳ್ಳಲು ದಾರಿ ಇದೆಯಾ? ಹಳೇ ಪುಸ್ತಕಗಳ ಪುಟಗಳು ಅದರೊಳಗೇ ಇರಬೇಕು. ಮತ್ತೆ ಟೈಪ್ ಮಾಡಿಸುವುದೆಂದರೆ ದೊಡ್ಡ ಕೆಲಸ.

ವಿದ್ಯಾನಗರ ಡಿಸ್ಕ್

ಸರ್, ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ನಾನು ಹುಬ್ಬಳ್ಳಿಯಲ್ಲಿ ಡೇಟಾ ರಿಕವರಿ ಕೆಲಸ ಮಾಡುವವನು. ‘ಕರಪ್ಟ್’ ಅಂತ ಹೇಳಿಸಿಕೊಂಡು ನಮ್ಮ ಟೇಬಲ್‌ಗೆ ಬರುವ ಎಷ್ಟೋ ಫೈಲ್‌ಗಳು ಚೆನ್ನಾಗಿಯೇ ಇರುತ್ತವೆ. ಅದು ಯಾವ ಜಾತಿಯ ಫೈಲ್ ಅಂತ ಯಾರೂ ನೋಡಿರುವುದಿಲ್ಲ, ಅಷ್ಟೇ.

ಮೊದಲು ಎರಡೂ ಫೈಲನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಮೂಲ ಡಿಸ್ಕ್ ತೆಗೆದು ಒಳಗಿಡಿ. ಇನ್ನು ಮುಂದಿನ ಎಲ್ಲ ಕೆಲಸ ಕಾಪಿ ಮೇಲೇ ನಡೆಯಲಿ. ನಡುವೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಲಾ’ ಅಂತ ಕೇಳಿದರೂ ಮ್ಯಾಕ್ ‘ಇನಿಶಿಯಲೈಸ್ ಮಾಡಲಾ’ ಅಂತ ಕೇಳಿದರೂ ಬೇಡ ಅನ್ನಿ.

ಆಮೇಲೆ ಹೆಕ್ಸ್ ಎಡಿಟರ್ ಬೇಕು, ಅಂದರೆ ಫೈಲಿನ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಸಾಫ್ಟ್‌ವೇರ್. ವಿಂಡೋಸ್‌ನಲ್ಲಿ ಎಚ್‌ಎಕ್ಸ್‌ಡಿ ಸಾಕು. ಪುಕ್ಕಟೆ ಸಿಗುತ್ತದೆ, ದೊಡ್ಡ ಫೈಲನ್ನೂ ತಡವಿಲ್ಲದೆ ತೆರೆಯುತ್ತದೆ. ರೀಡ್ ಓನ್ಲಿ ಆಯ್ಕೆ ಹಾಕಿಕೊಂಡೇ ತೆರೆಯಿರಿ. ಎಡಗಡೆ ಸಾಲಿಗೆ 16 ಬೈಟ್‌ನಂತೆ ಅಂಕಿಗಳು ಕಾಣುತ್ತವೆ, ಬಲಗಡೆ ಅದರದೇ ಅಕ್ಷರ ರೂಪ. ಬಹಳಷ್ಟು ಬಗೆಯ ಫೈಲ್‌ಗಳು ತಮ್ಮ ಗುರುತನ್ನು ಮೊದಲ ಕೆಲವು ಬೈಟ್‌ಗಳಲ್ಲೇ ಬರೆದುಕೊಂಡಿರುತ್ತವೆ. ಇದಕ್ಕೇ ಫೈಲ್ ಸಿಗ್ನೇಚರ್ ಅನ್ನುವುದು. ಎಕ್ಸ್‌ಟೆನ್ಷನ್ ಯಾರು ಬೇಕಾದರೂ ಬದಲಿಸಬಹುದು. ಸಿಗ್ನೇಚರ್ ಹಾಗೆ ಸುಮ್ನೆ ಬದಲಾಗುವುದಿಲ್ಲ.

ಎರಡೂ ಫೈಲ್‌ಗಳ ಮೊದಲ ಸಾಲು ಇಲ್ಲಿ ಹಾಕಿ. ಕೊನೆಯ 512 ಬೈಟ್ ಕೂಡ ನೋಡಿ. ಕೊನೆಯ ಭಾಗ ನೋಡದೆ ತೀರ್ಪು ಕೊಡುವವರೇ ಜಾಸ್ತಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹೆಕ್ಸ್‌ನ ಎ ಇಂದ ಎಫ್ ವರೆಗಿನ ಅಕ್ಷರಗಳನ್ನು ಇಲ್ಲಿ ಎಲ್ಲರೂ ಕನ್ನಡದಲ್ಲೇ ಬರೆಯುತ್ತೇವೆ, ನೀವೂ ಹಾಗೇ ಬರೆಯಿರಿ.

ಬೆಟಗೇರಿ ಮುದ್ರಕ

‘ಮಠ ಹಳೇದು’ ಫೈಲಿನ ಮೊದಲ ಸಾಲು:

65 6ಇ 63 72 63 64 73 61 00 00 00 02 00 00 00 10

ಬಲಗಡೆ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ: ಇ, ಎನ್, ಸಿ, ಆರ್, ಸಿ, ಡಿ, ಎಸ್, ಎ. ಅದರಾಚೆ ಬರೀ ಚುಕ್ಕಿ. ಕೊನೆಯ ಭಾಗದಲ್ಲಿ ಓದಲು ಬರುವಂಥದ್ದು ಏನೂ ಇಲ್ಲ.

ಡಿಎಟಿ ಫೈಲಿನ ಮೊದಲಲ್ಲಿ ಅರ್ಥವಾಗುವಂಥದ್ದು ಇಲ್ಲವೇ ಇಲ್ಲ. ಎಷ್ಟು ಕೆಳಗೆ ಹೋದರೂ ಕಲಸಿಟ್ಟ ಹಾಗೇ ಇದೆ. ಅದರ ಕೊನೆಯ ಭಾಗ ಇನ್ನೂ ನೋಡಿಲ್ಲ, ಫೈಲ್ ಕಾಪಿ ಆಗುತ್ತಿದೆ.

ವಿದ್ಯಾನಗರ ಡಿಸ್ಕ್

ಮೊದಲನೆಯದರ ಉತ್ತರ ಸಿಕ್ಕಿತು. ಆ ಎಂಟು ಬೈಟ್ ಆಪಲ್‌ನ ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್ ಇಮೇಜ್‌ನ ಗುರುತು. ಡಿಸ್ಕ್ ಇಮೇಜ್ ಅಂದರೆ ಒಂದು ಡಿಸ್ಕ್‌ನ ಹಾಗೇ ತೆರೆಯುವ ಒಂದೇ ಫೈಲ್. ಮುಂದಿನ ನಾಲ್ಕು ಬೈಟ್ ಆವೃತ್ತಿ, ನಿಮ್ಮದರಲ್ಲಿ 2. ಅಂದರೆ ಇದು ಡಿಎಂಜಿ ಫೈಲ್. ಎಕ್ಸ್‌ಟೆನ್ಷನ್ ಎಲ್ಲೋ ಉದುರಿಹೋಗಿದೆ. ಕಾಕಾ ಮ್ಯಾಕ್ ಬಳಸುತ್ತಿದ್ದರಾ?

ಇದಕ್ಕಿಂತ ಹಳೇ ತಲೆಮಾರಿನ ಆಪಲ್ ಇಮೇಜ್‌ಗಳಲ್ಲಿ ಗುರುತು ಮೊದಲಲ್ಲಿ ಇರುತ್ತಿರಲಿಲ್ಲ. ಫೈಲಿನ ಕೊನೆಯಲ್ಲಿ 63 64 73 61 65 6ಇ 63 72 ಅಂತ ಬರುತ್ತಿತ್ತು. ಅದೇ ಎಂಟು ಅಕ್ಷರ, ಅರ್ಧರ್ಧ ಅದಲು ಬದಲು. ಬೀಗವೇ ಇಲ್ಲದ ಮಾಮೂಲಿ ಡಿಎಂಜಿಯಲ್ಲೂ ಗುರುತು ಕೊನೆಗೇ ಇರುತ್ತದೆ: ಕೊನೆಯ 512 ಬೈಟ್‌ನ ಆರಂಭದಲ್ಲಿ 6ಬಿ 6ಎಫ್ 6ಸಿ 79. ಮೊದಲ ಸಾಲು ಮಾತ್ರ ನೋಡಿ ‘ಕಸ’ ಅಂದವರು ಇಂಥವನ್ನೆಲ್ಲ ಎಸೆದುಬಿಡುತ್ತಾರೆ.

ನವನಗರ ನೆಟ್‌ವರ್ಕ್

ಎರಡನೆಯದು ವೆರಾಕ್ರಿಪ್ಟ್, ಅದೇ ಫೈಲ್‌ಗೆ ಬೀಗ ಹಾಕುವ ಸಾಫ್ಟ್‌ವೇರ್‌ನದು. ಸಂಶಯವೇ ಬೇಡ. ಸಿಗ್ನೇಚರ್ ಇಲ್ಲ, ಪೂರ್ತಿ ರ‍್ಯಾಂಡಮ್, ಸೈಜ್ ದೊಡ್ಡದು. ವೆರಾಕ್ರಿಪ್ಟ್ ಫೈಲ್ ಹೀಗೇ ಇರುತ್ತದೆ.

ಮಾಳಮಡ್ಡಿ ವಿದ್ಯಾರ್ಥಿ

ಅಣ್ಣಾ, ವೆರಾಕ್ರಿಪ್ಟ್ ಫೈಲ್ ಹಾಗಿರುತ್ತದೆ ಅನ್ನುವುದು ನಿಜ. ಆದರೆ ಹಾಗಿರುವುದೆಲ್ಲ ವೆರಾಕ್ರಿಪ್ಟ್ ಅಲ್ಲ.

ವೆರಾಕ್ರಿಪ್ಟ್ ಬೇಕೆಂದೇ ಗುರುತು ಇಟ್ಟುಕೊಳ್ಳುವುದಿಲ್ಲ. ಮೊದಲ 64 ಬೈಟ್ ಸಾಲ್ಟ್ (ಪಾಸ್‌ವರ್ಡ್ ಜತೆ ಬೆರೆಸುವ ಬೈಟ್‌ಗಳು), ಅದು ರ‍್ಯಾಂಡಮ್. ಅದರ ನಂತರದ ಹೆಡರ್ ಎನ್‌ಕ್ರಿಪ್ಟ್ ಆಗಿರುತ್ತದೆ. ಸರಿಯಾದ ಪಾಸ್‌ವರ್ಡ್ ಕೊಟ್ಟು ಬಿಡಿಸಿದಾಗ ಮಾತ್ರ ಒಳಗೆ ‘ವೆರಾ’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಕಾಣುತ್ತವೆ. ಹಳೇ ಟ್ರೂಕ್ರಿಪ್ಟ್ ಆದರೆ ‘ಟ್ರೂ’ ಅಂತ ನಾಲ್ಕು ಅಕ್ಷರ. ಪಾಸ್‌ವರ್ಡ್ ಇಲ್ಲದೆ ಹೊರಗಿನಿಂದ ನೋಡಿ ‘ಇದು ವೆರಾಕ್ರಿಪ್ಟೇ’ ಅಂತ ಸಾಧಿಸಲು ಯಾರಿಗೂ ಆಗುವುದಿಲ್ಲ. ಅದನ್ನು ಕಟ್ಟಿರುವುದೇ ಹಾಗೆ.

ಎಂಟ್ರೋಪಿ, ಅಂದರೆ ಬೈಟ್‌ಗಳು ಎಷ್ಟು ಕಲಸಿವೆ ಎಂಬ ಲೆಕ್ಕ, ಅಳೆದರೂ ಪೂರ್ತಿ ಉತ್ತರ ಬರುವುದಿಲ್ಲ. ಒಂದು ಬೈಟ್‌ಗೆ ಹೆಚ್ಚೆಂದರೆ 8 ಬಿಟ್. ಎನ್‌ಕ್ರಿಪ್ಟ್ ಆದ ಫೈಲ್ 8ಕ್ಕೆ ಅಂಟಿಕೊಂಡೇ ಇರುತ್ತದೆ. ಆದರೆ ಚೆನ್ನಾಗಿ ಒತ್ತಿದ ಜಿಪ್, 7ಜಿಪ್, ವಿಡಿಯೋಗಳೂ 7.9ರ ಮೇಲೇ ಇರುತ್ತವೆ. ‘ಎಂಟ್’ ಎಂಬ ಸಣ್ಣ ಪ್ರೋಗ್ರಾಂ ಕೈ-ಸ್ಕ್ವೇರ್ ಪರೀಕ್ಷೆಯನ್ನೂ ಮಾಡುತ್ತದೆ. ಅದರಲ್ಲಿ ಒತ್ತಿದ ಫೈಲ್‌ಗಳು ಹೆಚ್ಚಾಗಿ ಸಿಕ್ಕಿಬೀಳುತ್ತವೆ, ಎನ್‌ಕ್ರಿಪ್ಟ್ ಆದವು ನಿಜವಾದ ರ‍್ಯಾಂಡಮ್ ಹಾಗೆ ಪಾರಾಗುತ್ತವೆ. ಆದರೂ ಅದು ಒಂದು ಸುಳಿವು ಮಾತ್ರ. ರ‍್ಯಾಂಡಮ್ ಬೈಟ್ ತುಂಬಿ ಅಳಿಸಿದ ಡಿಸ್ಕ್‌ನ ಇಮೇಜ್ ಕೂಡ ಹೀಗೇ ಕಾಣುತ್ತದೆ. ಹೆಡರನ್ನು ಬೇರೆ ಕಡೆ ಇಟ್ಟ ಲಕ್ಸ್ (ಲಿನಕ್ಸ್‌ನ ಬೀಗ) ಡಿಸ್ಕ್ ಕೂಡ ಹೀಗೇ. ತಲೆ ಕಡಿದುಹೋದ ಜಿಪ್ ಫೈಲ್ ಕೂಡ ಹೀಗೇ.

ಆದರೆ ಇದು ವೆರಾಕ್ರಿಪ್ಟ್ ಅಲ್ಲ ಅಂತ ತೋರಿಸುವುದು ಸುಲಭ. ಫೈಲಿನ ಸೈಜನ್ನು ಬೈಟ್‌ನಲ್ಲಿ ತೆಗೆದುಕೊಂಡು 512ರಿಂದ ಭಾಗಿಸಿ. ಶೇಷ ಉಳಿದರೆ ಅದು ಪೂರ್ತಿ ವೆರಾಕ್ರಿಪ್ಟ್ ಫೈಲ್ ಅಲ್ಲ. ಶೇಷ ಉಳಿಯದಿದ್ದರೆ ‘ಇರಬಹುದು’ ಅನ್ನಬಹುದು, ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ.

ನವನಗರ ನೆಟ್‌ವರ್ಕ್

512ರ ಲೆಕ್ಕ ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೂ ಸಿಗ್ನೇಚರ್ ಇಲ್ಲದ ಫೈಲನ್ನು ನಮ್ಮ ಕಡೆ ಎಲ್ಲರೂ ಎರಡೇ ಪೆಟ್ಟಿಗೆಗೆ ಹಾಕುತ್ತಾರೆ, ಒಂದೋ ಕಸ ಇಲ್ಲವೇ ವೆರಾಕ್ರಿಪ್ಟ್. ಮೂರನೇ ಪೆಟ್ಟಿಗೆಗೆ ಏನು ಹೆಸರು ಕೊಡುವುದು?

ವಿದ್ಯಾನಗರ ಡಿಸ್ಕ್

‘ಇನ್ನೂ ಗೊತ್ತಾಗಿಲ್ಲ’ ಅಂತ ಬರೆದಿಡಿ. ಗ್ರಾಹಕರಿಗೆ ಕೊಡುವ ಚೀಟಿಯಲ್ಲಿ ನಾನು ಹಾಗೇ ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ‘ಹಾಳಾಗಿದೆ’ ಅಂತ ಬರೆದುಕೊಟ್ಟರೆ ಅವರು ಮನೆಗೆ ಹೋಗಿ ಫಾರ್ಮ್ಯಾಟ್ ಮಾಡುತ್ತಾರೆ. ಆಮೇಲೆ ಎಷ್ಟು ಪರಿತಪಿಸಿದರೂ ಬರುವುದಿಲ್ಲ. ಈ ಕೆಲಸದಲ್ಲಿ ನನಗೆ ನಿಜಕ್ಕೂ ಸಿಟ್ಟು ತರಿಸುವುದು ಇದೊಂದೇ.

ಬ್ಯಾಡಗಿ ದಲಾಲಿ ಅಂಗಡಿ

ನಮ್ಮದೂ ಒಂದು ಅನುಭವ ಇದೆ, ಹೇಳುತ್ತೇನೆ ಕೇಳ್ರಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕಮಿಷನ್ ವ್ಯಾಪಾರ ನಮ್ಮದು. ಟ್ಯಾಲಿ ಲೆಕ್ಕವೆಲ್ಲ ಲ್ಯಾಪ್‌ಟಾಪ್‌ನಲ್ಲಿತ್ತು. ಅದರ ಮದರ್‌ಬೋರ್ಡ್ ಹೋಯಿತು. ಡಿಸ್ಕ್ ಚೆನ್ನಾಗಿತ್ತು. ರಿಪೇರಿಯವರು ಡಿಸ್ಕ್ ತೆಗೆದು ಪೂರ್ತಿ ಇಮೇಜ್ ಮಾಡಿಕೊಟ್ಟರು. ಅವರ ಸಾಫ್ಟ್‌ವೇರ್ ‘ಫೈಲ್ ಸಿಸ್ಟಂ ಇಲ್ಲ’ ಅಂದಿತು. ‘ಒಳಗೆ ಏನೂ ಉಳಿದಿಲ್ಲ’ ಅಂತ ಕೈತೊಳೆದುಕೊಂಡರು. ಸೀಜನ್ ನಡುವೆ ರೈತರ ಬಾಕಿ ಲೆಕ್ಕವೇ ಇಲ್ಲ ಅಂದರೆ ಎಂಥ ಪರಿಸ್ಥಿತಿ ಅಂತ ನೀವೇ ಯೋಚಿಸಿ.

ಅಳಿಯ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವನು. ಅವನು ಇಮೇಜನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಈ ಸಾಲು ತೋರಿಸಿದ:

ಇಬಿ 58 90 2ಡಿ 46 56 45 2ಡಿ 46 53 2ಡಿ 00 02 08 00 00

ಬಲಗಡೆ ಸಣ್ಣ ಗೀಟುಗಳ ನಡುವೆ ಎಫ್‌ವಿಇ, ಎಫ್‌ಎಸ್ ಅಂತ ಅಕ್ಷರ. ‘ಇದು ಬಿಟ್‌ಲಾಕರ್ ಮಾವಾ, ವಿಂಡೋಸ್‌ನದೇ ಬೀಗ, ಲೆಕ್ಕ ಎಲ್ಲ ಒಳಗೇ ಇದೆ’ ಅಂದ. ನಾವು ಯಾರೂ ಬೀಗ ಹಾಕಿರಲಿಲ್ಲ. ವಿಂಡೋಸ್ ತಾನೇ ಹಾಕಿಕೊಂಡಿತ್ತು. ಕೀ ನಮ್ಮ ಮಗನ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇತ್ತು. ಲ್ಯಾಪ್‌ಟಾಪ್ ತಂದ ದಿನ ಅವನ ಇಮೇಲ್ ಹಾಕಿದ್ದೆವು. 48 ಅಂಕಿಯ ಕೀ ಹಾಕಿದ ಮೇಲೆ ಲೆಕ್ಕ ಪೂರ್ತಿ ಬಂತು.

ನಮ್ಮಲ್ಲಿ ಚೀಲದ ಮೇಲೆ ಲಾಟ್ ಚೀಟಿ ಇರುತ್ತದಲ್ಲ, ಆ ಸಾಲು ಹಾಗೇ ಅಂತ ನನಗೆ ಅನಿಸಿತು. ಒಳಗಿನ ಕಾಯಿ ಕಾಣುವುದಿಲ್ಲ, ಆದರೆ ಯಾರನ್ನು ಕೇಳಬೇಕು ಅಂತ ತಿಳಿಯುತ್ತದೆ.

ವಿದ್ಯಾನಗರ ಡಿಸ್ಕ್

ಬಹಳ ಒಳ್ಳೆಯ ಉದಾಹರಣೆ ಕೊಟ್ಟಿರಿ ಸಾಹುಕಾರರೇ. ಇದು ಈಗೀಗ ಜಾಸ್ತಿ ಬರುತ್ತಿದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೈನ್ ಇನ್ ಆದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಚಾಲೂ ಆಗಿರಬಹುದು. ಮಾಲೀಕರಿಗೇ ಗೊತ್ತಿರುವುದಿಲ್ಲ.

ಇಲ್ಲಿ ಎರಡು ವಿಷಯ ಗಮನಿಸಿ. ಪೂರ್ತಿ ಡಿಸ್ಕ್‌ನ ಇಮೇಜ್ ಆದರೆ ಬಿಟ್‌ಲಾಕರ್ ಗುರುತು ಫೈಲಿನ ಮೊದಲ ಸಾಲಿನಲ್ಲಿ ಇರುವುದಿಲ್ಲ. ಮೊದಲಿಗೆ ಪಾರ್ಟಿಷನ್ ಟೇಬಲ್ ಬರುತ್ತದೆ. 510ನೇ ಬೈಟ್‌ನಲ್ಲಿ 55 ಎಎ, ಜಿಪಿಟಿ ಡಿಸ್ಕ್ ಆದರೆ 512ನೇ ಬೈಟ್‌ನಿಂದ ‘ಇಎಫ್‌ಐ ಪಾರ್ಟ್’ ಎಂಬ ಅಕ್ಷರಗಳು. ಗುರುತು ಇರುವುದು ಆ ಪಾರ್ಟಿಷನ್ ಶುರುವಾಗುವ ಜಾಗದಲ್ಲಿ, ಮೂರು ಬೈಟ್ ಬಿಟ್ಟು. ಬೀಗ ಇಲ್ಲದ ಎನ್‌ಟಿಎಫ್‌ಎಸ್‌ನಲ್ಲಿ (ವಿಂಡೋಸ್‌ನ ಮಾಮೂಲಿ ಫೈಲ್ ಸಿಸ್ಟಂ) ಅದೇ ಜಾಗದಲ್ಲಿ ‘ಎನ್‌ಟಿಎಫ್‌ಎಸ್’ ಅಂತ ಇರುತ್ತದೆ. ರಿಪೇರಿಯವರ ಸಾಫ್ಟ್‌ವೇರ್ ಹುಡುಕಿದ್ದು ಬಹುಶಃ ಅದನ್ನೇ.

ಇನ್ನೊಂದು, ಗೀಟು ಸೇರಿ ಎಫ್‌ವಿಇ, ಎಫ್‌ಎಸ್ ಎಂಬ ಆ ಎಂಟು ಬೈಟ್‌ಗಳನ್ನು ಸರ್ಚ್ ಮಾಡಿದರೆ ಒಂದಕ್ಕಿಂತ ಹೆಚ್ಚು ಕಡೆ ಸಿಗುತ್ತವೆ. ಗಾಬರಿ ಬೇಡ. ಬಿಟ್‌ಲಾಕರ್ ತನ್ನ ಮೆಟಾಡೇಟಾದ ಮೂರು ಪ್ರತಿ ಇಟ್ಟುಕೊಳ್ಳುತ್ತದೆ, ಮೂರೂ ಅದೇ ಗುರುತಿನಿಂದ ಶುರುವಾಗುತ್ತವೆ. ಹಿಂದೆ ಇಬಿ 58 90 ಇರುವುದೇ ವಾಲ್ಯೂಮಿನ ಆರಂಭ. ಪೆನ್‌ಡ್ರೈವ್‌ಗೆ ಹಾಕುವ ಬಿಟ್‌ಲಾಕರ್ ಟು ಗೋ ಬೇರೆ ಥರ. ಅದರ ಮೊದಲ ಸೆಕ್ಟರ್ ಫ್ಯಾಟ್32 ಹಾಗೇ ಕಾಣುತ್ತದೆ, ಹಾಗಾಗಿ ಮೊದಲ ಸಾಲು ನೋಡಿ ಮೋಸ ಹೋಗಬೇಡಿ.

ಕೀ ಬರೆದುಕೊಂಡವರಿಗೆ ಒಂದು ಮಾತು: 48 ಅಂಕಿ ಆರಾರರ ಎಂಟು ಗುಂಪಾಗಿ ಇರುತ್ತವೆ. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಆಗದಿದ್ದರೆ ಆ ಗುಂಪಿನಲ್ಲಿ ಅಂಕಿ ತಪ್ಪಿದೆ. ಡೈರಿಯಲ್ಲಿ ಬರೆದ ಕೀ ಹಿಡಿಯದಿದ್ದಾಗ ಇದರಿಂದಲೇ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಮಾಳಮಡ್ಡಿ ವಿದ್ಯಾರ್ಥಿ

ಲಿನಕ್ಸ್ ಬಳಸುವವರಿಗಾಗಿ ಇದನ್ನೂ ಸೇರಿಸುತ್ತೇನೆ. ಲಕ್ಸ್ ಆದರೆ ಮೊದಲ ಆರು ಬೈಟ್ 4ಸಿ 55 4ಬಿ 53 ಬಿಎ ಬಿಇ. ಮೊದಲ ನಾಲ್ಕು ‘ಎಲ್‌ಯುಕೆಎಸ್’ ಅಕ್ಷರಗಳು. ಮುಂದಿನ ಎರಡು ಬೈಟ್ 00 01 ಆದರೆ ಲಕ್ಸ್ 1, 00 02 ಆದರೆ ಲಕ್ಸ್ 2. ಲಕ್ಸ್ 1ರಲ್ಲಿ ಅದರ ಪಕ್ಕದಲ್ಲೇ ಯಾವ ಸೈಫರ್, ಯಾವ ಹ್ಯಾಷ್ ಅಂತ ಓದಲು ಬರುವ ಹಾಗೇ ಬರೆದಿರುತ್ತದೆ.

ಲಕ್ಸ್ 2ರಲ್ಲಿ ಹೆಡರಿನ ಎರಡನೇ ಪ್ರತಿಯೂ ಇರುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು 16 ಕಿಲೋಬೈಟ್ ದೂರದಲ್ಲಿ ಶುರುವಾಗುತ್ತದೆ. ಅದರ ಗುರುತು ಉಲ್ಟಾ: 53 4ಬಿ 55 4ಸಿ ಬಿಎ ಬಿಇ. ಯಾರೋ ಮೊದಲ ಸೆಕ್ಟರ್ ಮೇಲೆ ಬರೆದುಬಿಟ್ಟಿದ್ದರೂ ಈ ಎರಡನೆಯದು ಉಳಿದಿದ್ದರೆ ಲಕ್ಸ್ ನಿಭಾಯಿಸುವ ಕ್ರಿಪ್ಟ್‌ಸೆಟಪ್ ಪ್ರೋಗ್ರಾಂನ ರಿಪೇರಿ ಕಮಾಂಡ್‌ನಿಂದ ಸರಿಮಾಡಲು ಅವಕಾಶ ಇದೆ. ಲಕ್ಸ್ 1ರಲ್ಲಿ ಆ ಭಾಗ್ಯ ಇಲ್ಲ. ಕೀ ಇರುವ ಜಾಗ ಹೋದರೆ ಪಾಸ್‌ವರ್ಡ್ ಗೊತ್ತಿದ್ದರೂ ಡೇಟಾ ಬರುವುದಿಲ್ಲ. ಲಕ್ಸ್ ಬಳಸುವವರು ದಯವಿಟ್ಟು ಹೆಡರಿನ ಬ್ಯಾಕಪ್ ತೆಗೆದು ಬೇರೆ ಕಡೆ ಇಡಿ.

ಬೆಟಗೇರಿ ಮುದ್ರಕ

ಎಲ್ಲರಿಗೂ ಧನ್ಯವಾದ. ಹೌದು ಸರ್, ಕಾಕಾ ಮ್ಯಾಕ್ ಇಟ್ಟಿದ್ದರು. ಅದು ಇನ್ನೂ ಪ್ರೆಸ್‌ನಲ್ಲೇ ಇದೆ, ಆನ್ ಕೂಡ ಆಗುತ್ತದೆ. ಆ ಫೈಲಿನ ಪಾಸ್‌ವರ್ಡ್ ಮಾತ್ರ ಯಾರಿಗೂ ಗೊತ್ತಿಲ್ಲ.

ಡಿಎಟಿ ಫೈಲಿನ ಸೈಜ್ 512ರಿಂದ ಭಾಗಿಸಿದೆ. ಶೇಷ ಉಳಿಯುತ್ತದೆ. ಕೊನೆಯ ಭಾಗ ತೆರೆದು ನೋಡಿದರೆ ಅಲ್ಲಿ ಹೆಸರುಗಳು ಕಾಣುತ್ತಿವೆ! ಪೇಜ್‌ಮೇಕರ್, ಕೋರೆಲ್‌ಡ್ರಾ ಫೈಲ್‌ಗಳ ಹೆಸರು ಸಾಲು ಸಾಲಾಗಿ ಇವೆ. ಒಂದು ಪುಸ್ತಕದ ಅಧ್ಯಾಯಗಳ ಹೆಸರೂ ಇದೆ. ತೀರಾ ಕೊನೆಯ ಸಾಲುಗಳಲ್ಲಿ 50 4ಬಿ 05 06 02 00 ಅಂತ ಇದೆ.

ವಿದ್ಯಾನಗರ ಡಿಸ್ಕ್

ಸರ್, ಅದು ಜಿಪ್! ಇದಕ್ಕೇ ಕೊನೆಯ ಭಾಗ ನೋಡಿ ಅಂದದ್ದು.

ಜಿಪ್ ಫೈಲ್ ತನ್ನ ಒಳಗಿನ ಹೆಸರುಗಳ ಪಟ್ಟಿಯನ್ನು ಕೊನೆಯಲ್ಲಿ ಇಡುತ್ತದೆ. 50 4ಬಿ 05 06 ಆ ಪಟ್ಟಿ ಮುಗಿದದ್ದರ ಗುರುತು. ಅದರ ಮುಂದಿನ ಎರಡು ಬೈಟ್ ಇದು ಎಷ್ಟನೇ ತುಂಡು ಅಂತ ಹೇಳುತ್ತವೆ. ಎಣಿಕೆ ಸೊನ್ನೆಯಿಂದ ಶುರು. ನಿಮ್ಮಲ್ಲಿ 02 00 ಇದೆ, ಅಂದರೆ ಇದು ಮೂರನೇ ತುಂಡು, ಕೊನೆಯದು. ಹಿಂದಿನ ಎರಡು ತುಂಡು ಬೇರೆ ಎಲ್ಲೋ ಇವೆ. ತುಂಡು ಮಾಡಿದ ಜಿಪ್‌ನ ಮೂರನೇ ಭಾಗವಾದ್ದರಿಂದ ಆರಂಭದಲ್ಲಿ ಗುರುತು ಕಾಣಲಿಲ್ಲ. ಮೊದಲ ತುಂಡು 50 4ಬಿ 07 08ರಿಂದ ಶುರುವಾಗಬೇಕು. ಎರಡನೆಯದಕ್ಕೆ ಮೊದಲಲ್ಲೂ ಕೊನೆಯಲ್ಲೂ ಗುರುತು ಇರಲಿಕ್ಕಿಲ್ಲ, ಅದನ್ನು ಹೆಸರು, ತಾರೀಖು, ಸೈಜ್ ಮೇಲೆ ಹುಡುಕಬೇಕು. ಕೊನೆಯದನ್ನು ಬಿಟ್ಟು ಉಳಿದ ತುಂಡುಗಳು ಸಾಮಾನ್ಯವಾಗಿ ಒಂದೇ ಸೈಜ್ ಇರುತ್ತವೆ. ಕಾಕಾ ಅವರ ಬೇರೆ ಡಿಸ್ಕ್, ಸಿಡಿ, ಡಿವಿಡಿ ಎಲ್ಲ ನೋಡಿ.

ಪಾಸ್‌ವರ್ಡ್ ಇದೆಯಾ ಅಂತಲೂ ಈಗಲೇ ನೋಡಬಹುದು. ಪ್ರತಿ ಹೆಸರಿನ ಹಿಂದೆ 50 4ಬಿ 01 02 ಇರುತ್ತದೆ. ಆ 50ನ್ನು ಸೊನ್ನೆ ಅಂತ ಎಣಿಸಿ, 8ನೇ ಬೈಟ್ ನೋಡಿ. ಬೆಸ ಸಂಖ್ಯೆ ಆದರೆ ಬೀಗ ಇದೆ, ಸಮ ಆದರೆ ಇಲ್ಲ. ಮಾಮೂಲಿ ಜಿಪ್‌ನಲ್ಲಿ ಬೀಗ ಹಾಕಿದರೂ ಹೆಸರುಗಳು ಮುಚ್ಚುವುದಿಲ್ಲ. ಅದಕ್ಕೇ ಹೆಸರು ಕಂಡ ಮಾತ್ರಕ್ಕೆ ಬೀಗ ಇಲ್ಲ ಅಂದುಕೊಳ್ಳಬಾರದು.

ಇನ್ನು ಮ್ಯಾಕ್. ‘ಮಠ ಹಳೇದು’ ಫೈಲಿನ ಕಾಪಿಗೆ ಡಿಎಂಜಿ ಎಕ್ಸ್‌ಟೆನ್ಷನ್ ಕೊಟ್ಟು ಆ ಮ್ಯಾಕ್‌ನಲ್ಲೇ, ಕಾಕಾ ಬಳಸುತ್ತಿದ್ದ ಲಾಗಿನ್‌ನಲ್ಲೇ ತೆರೆಯಿರಿ. ಇಮೇಜಿಗೆ ಪಾಸ್‌ವರ್ಡ್ ಹಾಕುವಾಗ ‘ಕೀಚೈನ್‌ನಲ್ಲಿ ನೆನಪಿಡು’ ಎಂಬ ಟಿಕ್ ಇರುತ್ತದೆ. ಕೀಚೈನ್ ಅಂದರೆ ಮ್ಯಾಕ್ ಪಾಸ್‌ವರ್ಡ್‌ಗಳನ್ನು ಇಟ್ಟುಕೊಳ್ಳುವ ಜಾಗ. ಬಹಳ ಜನ ಅದನ್ನು ಒತ್ತಿರುತ್ತಾರೆ. ಒತ್ತಿದ್ದರೆ ಕೀಚೈನ್ ಆಕ್ಸೆಸ್‌ನಲ್ಲಿ ‘ಡಿಸ್ಕ್ ಇಮೇಜ್ ಪಾಸ್‌ವರ್ಡ್’ ಎಂಬ ಬಗೆಯ ನಮೂದು ಸಿಗುತ್ತದೆ. ಆ ಮ್ಯಾಕ್‌ನ ಲಾಗಿನ್ ಪಾಸ್‌ವರ್ಡ್ ಬೇಕಾಗುತ್ತದೆ. ಅಲ್ಲಿಯವರೆಗೆ ಆ ಮಷಿನ್‌ಗೆ ಹೊಸ ಓಎಸ್ ಹಾಕಬೇಡಿ, ಲಾಗಿನ್ ಪಾಸ್‌ವರ್ಡ್ ರಿಸೆಟ್ ಕೂಡ ಮಾಡಬೇಡಿ. ರಿಸೆಟ್ ಮಾಡಿದರೆ ಹಳೇ ಕೀಚೈನ್‌ಗೆ ಹೊಸ ಪಾಸ್‌ವರ್ಡ್ ಹಿಡಿಯುವುದಿಲ್ಲ.

ಧಾರವಾಡ ವಕೀಲೆ

ನಡುವೆ ಬಾಯಿ ಹಾಕುತ್ತಿದ್ದೇನೆ. ಪ್ರೆಸ್‌ನಲ್ಲಿ ಪಾಲುದಾರಿಕೆ ಅಥವಾ ಹಕ್ಕುಸ್ವಾಮ್ಯದ ತಕರಾರು ಬರುವ ಸಾಧ್ಯತೆ ಇದ್ದರೆ, ತೆರೆಯುವ ಮೊದಲೇ ಎರಡೂ ಫೈಲಿನ ಎಸ್‌ಎಚ್‌ಎ-256 ಹ್ಯಾಷ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಬರೆದಿಡಿ. ವಿಂಡೋಸ್‌ನ ಸರ್ಟ್‌ಯುಟಿಲ್ ಕಮಾಂಡ್‌ನಲ್ಲೇ ಆಗುತ್ತದೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಷ್ ಬರೆಯಲು ಜಾಗವೇ ಇದೆ. ಪೊಲೀಸ್ ಕೇಸಿಗೆ ಸಂಬಂಧಪಟ್ಟ ಡಿಸ್ಕ್ ಆದರೆ ಹೆಕ್ಸ್ ಎಡಿಟರ್ ಕೂಡ ಬೇಡ, ನೇರವಾಗಿ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಕೊಡಿ.

ನವನಗರ ನೆಟ್‌ವರ್ಕ್

ನಿಜವಾಗಿಯೂ ಟ್ರೂಕ್ರಿಪ್ಟ್ ಫೈಲ್ ಇರುವವರಿಗೆ ಒಂದು ಮಾತು. ಟ್ರೂಕ್ರಿಪ್ಟ್ 2014ರ ಮೇನಲ್ಲಿ ನಿಂತುಹೋಯಿತು. ಈಗಿನ ವೆರಾಕ್ರಿಪ್ಟ್ 1.26ರಲ್ಲಿ ಟ್ರೂಕ್ರಿಪ್ಟ್ ಮೋಡ್ ತೆಗೆದುಹಾಕಿದ್ದಾರೆ. ಹಳೇ ಫೈಲಿಗೆ 1.25.9 ಬಳಸಿ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಹೊಸ ಆವೃತ್ತಿಯಲ್ಲಿ ತೆರೆಯದೆ ‘ಇದು ಬೇರೇನೋ ಫೈಲ್’ ಅಂದುಕೊಂಡವರನ್ನು ನೋಡಿದ್ದೇನೆ.

ಬೆಟಗೇರಿ ಮುದ್ರಕ

ಮ್ಯಾಕ್‌ನ ಲಾಗಿನ್ ಪಾಸ್‌ವರ್ಡ್ ಕಾಕಿಗೆ ಗೊತ್ತಿತ್ತು! ಕೀಚೈನ್‌ನಲ್ಲಿ ನೀವು ಹೇಳಿದ ನಮೂದು ಇತ್ತು. ಇಮೇಜ್ ತೆರೆಯಿತು. ಮಠದ ಪುಸ್ತಕಗಳ ಪುಟಗಳು, ಫಾಂಟ್‌ಗಳು, ಸ್ಕ್ಯಾನ್ ಮಾಡಿದ ಹಳೇ ಬ್ಲಾಕ್‌ಗಳು ಎಲ್ಲ ಇವೆ. ಈಗ ಬೀಗವಿಲ್ಲದ ಕಾಪಿ ಒಂದನ್ನು ಬೇರೆ ಡಿಸ್ಕ್‌ಗೆ ಹಾಕಿಟ್ಟಿದ್ದೇವೆ.

ಜಿಪ್‌ನ 8ನೇ ಬೈಟ್ ಸೊನ್ನೆ ಇದೆ, ಅಂದರೆ ಬೀಗ ಇಲ್ಲ. ಮೊದಲ ತುಂಡು ಮ್ಯಾಕ್‌ನಲ್ಲೇ ಸಿಕ್ಕಿತು, 50 4ಬಿ 07 08ರಿಂದಲೇ ಶುರುವಾಗುತ್ತದೆ. ಎರಡನೆಯದು ಸಿಕ್ಕಿಲ್ಲ. ಡಿವಿಡಿಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ.

ವಿದ್ಯಾನಗರ ಡಿಸ್ಕ್

ಬಹಳ ಖುಷಿಯಾಯಿತು ಸರ್. ಎರಡನೇ ತುಂಡು ಸಿಗದಿದ್ದರೂ ಸುಮ್ಮನೆ ಬಿಡಬೇಡಿ. ಮೊದಲ ಮತ್ತು ಮೂರನೇ ತುಂಡಿನೊಳಗೆ ಪೂರ್ತಿ ಬಂದಿರುವ ಫೈಲ್‌ಗಳನ್ನು ಹೊರಗೆ ತೆಗೆಯಬಹುದು. ಪ್ರತಿ ಫೈಲೂ 50 4ಬಿ 03 04ರಿಂದ ಶುರುವಾಗುತ್ತದೆ. ತುಂಡಿನ ಗಡಿ ದಾಟಿದ ಫೈಲ್ ಮಾತ್ರ ಅರ್ಧ ಬರುತ್ತದೆ.

ಹಾವೇರಿ ಲ್ಯಾಬ್

ತಡವಾಗಿ ಕೇಳುತ್ತಿದ್ದೇನೆ. ಕಾಲೇಜ್ ಲ್ಯಾಬಿನ ಸರ್ವರ್‌ನಲ್ಲಿ ಹಿಂದಿನವರು ಬಿಟ್ಟುಹೋದ ವರ್ಚುವಲ್ ಮಷಿನ್ ಡಿಸ್ಕ್ ಇದೆ. ಮೊದಲ ಬೈಟ್‌ಗಳು 51 46 49 ಎಫ್‌ಬಿ. ಇದು ಬೀಗ ಹಾಕಿದ್ದಾ?

ಮಾಳಮಡ್ಡಿ ವಿದ್ಯಾರ್ಥಿ

ಅದು ಕ್ಯೂಕೌ ಇಮೇಜ್ ಮೇಡಂ, ವರ್ಚುವಲ್ ಮಷಿನ್ ನಡೆಸುವ ಕ್ಯೂಇಎಂಯು ಸಾಫ್ಟ್‌ವೇರ್‌ನದು. ಬೀಗದ ವಿಷಯ ಸಿಗ್ನೇಚರ್‌ನಲ್ಲಿ ಇರುವುದಿಲ್ಲ. ಮುಂದಿನ ನಾಲ್ಕು ಬೈಟ್ ಆವೃತ್ತಿ, ಅಲ್ಲಿ 2 ಅಥವಾ 3 ಇದೆಯಾ ನೋಡಿಕೊಳ್ಳಿ. ಇದ್ದರೆ ಸಾಲಿಗೆ 16 ಬೈಟ್‌ನಂತೆ ತೋರಿಸಿದಾಗ ಮೂರನೇ ಸಾಲಿನ ಮೊದಲ ನಾಲ್ಕು ಬೈಟ್ ನೋಡಿ. ಕೊನೆಯ ಬೈಟ್ 00 ಆದರೆ ಬೀಗ ಇಲ್ಲ. 01 ಆದರೆ ಹಳೇ ಎಇಎಸ್ ಕ್ರಮ. 02 ಆದರೆ ಲಕ್ಸ್. 00 ಬಂದರೂ ಒಳಗಿನ ಗೆಸ್ಟ್ ಓಎಸ್ ತನ್ನ ಪಾರ್ಟಿಷನ್‌ಗೆ ಬಿಟ್‌ಲಾಕರ್ ಅಥವಾ ಲಕ್ಸ್ ಹಾಕಿಕೊಂಡಿರಬಹುದು. ಹಾಗಾಗಿ ಇಮೇಜನ್ನು ರಾ ರೂಪಕ್ಕೆ ಬದಲಿಸಿ, ಒಳಗಿನ ಪಾರ್ಟಿಷನ್ ಶುರುವಾಗುವ ಜಾಗವನ್ನೂ ಮೇಲೆ ಹೇಳಿದ ಹಾಗೆ ಒಮ್ಮೆ ನೋಡಿ. ಆ ನಾಲ್ಕು ಬೈಟ್ ಇಲ್ಲಿ ಹಾಕಿದರೆ ಮುಂದಿನದ್ದು ಹೇಳುತ್ತೇನೆ.

ಹಾವೇರಿ ಲ್ಯಾಬ್

00 00 00 00 ಇದೆ. ರಾ ಮಾಡಲು ಹಾಕಿದ್ದೇನೆ.